ದಿನಾ ತೊಗೋತಾರೇನ್ರಿ?

ಒಂದು ರೋಗ ಬಂದವನ ಮನೆಗೆ ಜನ ಹಣ್ಣು ತರುತ್ತಾರೆ, ಎರಡು ಬಂದವನ ಮನೆಗೆ ಬುದ್ಧಿ ಹೇಳಲು ಬರುತ್ತಾರೆ. ನನಗೆ ಎರಡಿವೆ. ದೇಹವನ್ನು ಕಾಯಬೇಕಾದ ಸೈನ್ಯವೇ ನನ್ನ ನರಗಳ ಮೇಲೆ ಎರಡು ಕಡೆಯಿಂದ ಬಿದ್ದಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಒಂದು ರೋಗ ಹೊತ್ತು ಏರಿದಂತೆ ರೆಪ್ಪೆ ಇಳಿಸಿ ನಾಲಿಗೆ ತೊದಲಿಸುತ್ತದೆ, ಇನ್ನೊಂದು ನಡಿಗೆಯನ್ನು ಓಲಾಡಿಸುತ್ತದೆ. ಅವನ್ನಾದರೂ ಸಹಿಸಬಹುದು, ವಿಚಾರಿಸಲು ಬರುವವರನ್ನು ಸಹಿಸುವುದೇ ಕಷ್ಟ.

ಆಟೋ

ಇದಕ್ಕೆ ‘ಆಟೋಇಮ್ಯೂನ್’ ಎನ್ನುತ್ತಾರೆ ಎಂದು ತೆಲುಗು ನಾಡಿನ ತಾರ್ನಾಕದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಕಾಕೂಗೆ ವಿವರಿಸಿದೆ. ಕಾಕೂ ಹಣೆ ಹಣೆ ಬಡಿದುಕೊಂಡರು.

“ಆಟೋದಾಗ ಭಾಳ ಅಡ್ಡಾಡಬ್ಯಾಡ್ರಿ ಅಂತ ಬಡ್ಕೊಂಡೆ, ಕೇಳಿದ್ರೇನು? ಇನ್ನರ ಬಸ್ಸಿಗೆ ಹೋಗ್ರಿ!”

ನರ

ಇಂಗ್ಲಿಷಿನ ಸಹವಾಸವೇ ಬೇಡವೆಂದು ಹೆಂಡತಿಯ ಸೋದರಮಾವನಿಗೆ “ನರದ ತ್ರಾಸ ಐತ್ರಿ” ಎಂದೆ. ‘ನರಗಳ ದೌರ್ಬಲ್ಯಕ್ಕೆ ಗುಪ್ತ ಚಿಕಿತ್ಸೆ’ ಎಂದು ಊರ ಗೋಡೆಗಳ ಮೇಲೆಲ್ಲ ತೆಲುಗಿನಲ್ಲಿ ಬರೆದಿರುವುದು ನನಗೆ ನೆನಪಿರಲಿಲ್ಲ, ಅವರಿಗಿತ್ತು. ಬಾಗಿಲು ಹಾಕಿ ಬಂದು, ಹೆಗಲ ಮೇಲೆ ಕೈಯಿಟ್ಟು ಪಿಸುಗುಟ್ಟಿದರು:

“ಎರಡು ಮಕ್ಕಳಾಗ್ಯಾವಲ್ಲ, ಇನ್ಯಾಕ ಚಿಂತಿ ಬಿಡ್ರಿ.”

ತೊಗೊಳ್ಳೋದು

ನಾನು ದುಡಿಯುವ ನಾಚಾರಂನ ಕಾರ್ಖಾನೆಯಲ್ಲಿ ಮಾತ್ರ ರೋಗದ ಸುದ್ದಿ ಎತ್ತಿರಲಿಲ್ಲ. ತಿಳಿದರೆ ಕೆಲಸ ಹೋಗುತ್ತದೆಂಬ ಹೆದರಿಕೆ. ಕೆಲಸ ಹೋದರೆ ಗುಳಿಗೆ ಎಲ್ಲಿಂದ ತರಲಿ? ಒಂದು ದಿನ ಆ ಗುಳಿಗೆಯನ್ನೇ ನುಂಗಲು ಮರೆತು ಬಂದೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಅರ್ಧ ಮುಚ್ಚಿ, ಮಾತು ತೊದಲಿ, ಓಲಾಡುತ್ತ ಮಾಲಕರ ಎದುರಿಗೇ ಸಿಕ್ಕಿಬಿದ್ದೆ. ಅವರು ನಮ್ಮ ಬೀದರ ಕಡೆಯವರು. ಹತ್ತಿರ ಬಂದು ನನ್ನ ಬಾಯಿ ಮೂಸಿದರು, ವಾಸನೆ ಸಿಗಲಿಲ್ಲ. ಸೀದಾ ನನ್ನ ಮನೆಗೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಹೆಂಡತಿಯನ್ನು ಕೇಳಿದರು: “ಇವ್ರು ದಿನಾ ತೊಗೋತಾರೇನ್ರಿ?”

ಗುಟ್ಟು ರಟ್ಟಾಯಿತು, ಕೇಳುತ್ತಿರುವುದು ಗುಳಿಗೆಯ ಮಾತೇ ಎಂದುಕೊಂಡಳು ಆಕೆ.

“ಹೌದ್ರಿ ಸಾಹೇಬ್ರ, ಮೂರು ಹೊತ್ತು! ಮುಂಜಾನಿ ತೊಗೊಳ್ಳಿಲ್ಲಂದ್ರ ಕಣ್ಣೇ ತೆರಿಯಂಗಿಲ್ಲ. ತೊಗೊಂಡ್ರ ಮಾತು ಸರಿ, ನಡಿಗಿ ಸರಿ. ಇವತ್ತ ಮರ್ತು ಹೋಗ್ಯಾರ್ರಿ!”

ತಡೆಯಲು ಬಾಯಿ ತೆರೆದೆ, ನಾಲಿಗೆ ಏಳಲಿಲ್ಲ. ಕೆಲಸ ಹೋಯಿತೆಂದುಕೊಂಡೆ, ಹೆಂಡತಿಯ ಮೇಲೆ ಸಿಟ್ಟೂ ಬಂತು. ಮಾಲಕರು ಫೋನ್ ಇಟ್ಟು, ಅತ್ತಿತ್ತ ನೋಡಿ, ಮೆಲ್ಲಗೆ ಹೇಳಿದರು:

“ನಾಳಿಂದ ತೊಗೊಂಡೇ ಡ್ಯೂಟಿಗೆ ಬಾರಪ್ಪಾ. ಬಾಕಿ ಮಂದಿಗೆ ಮಾತ್ರ ಹೇಳಬ್ಯಾಡ.”