ಎಮ್ಮೆ ಒಪ್ಪಿದ ಪ್ರಬಂಧ

ನಮ್ಮ ಮಾಮಾನ ಸಂಶೋಧನೆಯನ್ನು ಈ ಭೂಮಿಯ ಮೇಲೆ ಮನಸಾರೆ ಒಪ್ಪಿದ್ದು ಒಂದೇ ಒಂದು ಎಮ್ಮೆ! ಅದೂ ಮದ್ರಾಸ್ ಪ್ರಾಂತದ ಎಮ್ಮೆ. ನಮ್ಮ ಕಡೆಯ ಎಮ್ಮೆಗಳೂ ಒಪ್ಪಿದ್ದವು ಅನ್ನಿ. ಆದರೆ ಪರಿಚಯದವರ ಅಭಿಪ್ರಾಯವನ್ನು ವಿದ್ವಾಂಸರು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ನಗಬೇಡಿ. ಆ ಪ್ರಬಂಧವನ್ನು ಮೂರು ಸಲ ಮೊದಲಿನಿಂದ ಕೊನೆಯವರೆಗೆ ಟೈಪ್ ಮಾಡಿದ ಪಾಪಿ ನಾನು. ಬೆರಳುಗಳು ಇವತ್ತಿಗೂ ನೋಯುತ್ತವೆ.

ಮಾಮಾ ಎಂದರೆ ನಮ್ಮಕ್ಕನ ಗಂಡ. ಗದಗಿನ ಒಂದು ಹೈಸ್ಕೂಲಿನಲ್ಲಿ ಮಾಸ್ತರರು. ಇಸ್ತ್ರಿ ಮಾಡಿದ ಧೋತರ, ಮುಚ್ಚುಕೋಟು, ಕರಿ ಟೊಪ್ಪಿಗೆ. ಇಂಥ ಮರ್ಯಾದಸ್ಥ ಮನುಷ್ಯರು ರವಿವಾರ ಬಂತೆಂದರೆ ಸೈಕಲ್ ಹತ್ತಿ ಲಕ್ಷ್ಮೇಶ್ವರದ ಕಡೆಗೋ, ಶಿರಹಟ್ಟಿಯ ಕಡೆಗೋ, ಮುಂಡರಗಿಯ ಕಡೆಗೋ ಹೋಗಿ, ಯಾವುದಾದರೂ ಹಳ್ಳಿಯ ಕೆರೆದಂಡೆಯ ಮೇಲೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಎಮ್ಮೆಗಳನ್ನು ಕರೆಯುತ್ತಿದ್ದರು! ಯಾರ ಎಮ್ಮೆ? ಯಾರದಾದರೇನು! ಎಮ್ಮೆ ತಲೆ ಎತ್ತಿ ಬಂದರೆ ಜೇಬಿನಿಂದ ಸೀಸದ ಕಡ್ಡಿ ತೆಗೆದು ಬರೆದುಕೊಳ್ಳುವರು. ಎಮ್ಮೆಯ ಒಡೆಯ ಬಂದರೆ ಸೈಕಲ್ ಹತ್ತುವರು.

ಅವರ ಸಂಶೋಧನೆಯೇ ಅದು. ನಮ್ಮ ಸೀಮೆಯ ಜನ ದನಕರುಗಳನ್ನು ಹೇಗೆ ಕೂಗಿ ಕರೆಯುತ್ತಾರೆ? ಎಮ್ಮೆಗೊಂದು ಕೂಗು, ಎತ್ತಿಗೊಂದು, ಕೋಳಿಗೊಂದು, ನಾಯಿಗೊಂದು. ಮಾಮಾ ಈ ಹುಚ್ಚಿಗೆ ಬಿದ್ದಾಗ ಇನ್ನೂ ಇಂಗ್ರೇಜರು ಹೋಗಿರಲಿಲ್ಲ. ಆಗಿನ ನಕಾಶೆ ನೋಡಿದರೆ ತಲೆ ತಿರುಗುತ್ತಿತ್ತು. ಗದಗು ಮುಂಬೈಗೆ ಸೇರಿದ್ದು. ಲಕ್ಷ್ಮೇಶ್ವರ ಒಬ್ಬ ರಾಜರದು, ಶಿರಹಟ್ಟಿ ಇನ್ನೊಬ್ಬ ರಾಜರದು. ಮುಂಡರಗಿ ದಾಟಿ ಸ್ವಲ್ಪ ಹೋದರೆ ನಿಜಾಮರ ಸೀಮೆ, ಸಿಂಗಟಾಲೂರಿನಲ್ಲಿ ಹೊಳೆ ದಾಟಿದರೆ ಮದ್ರಾಸು. ಇಷ್ಟೆಲ್ಲ ಸರಕಾರಗಳಿದ್ದರೂ ಎಮ್ಮೆ ಕರೆಯುವ ಕೂಗು ಮಾತ್ರ ಎಲ್ಲ ಕಡೆ ಒಂದೇ ಎಂಬುದು ಮಾಮಾನ ಸಿದ್ಧಾಂತ.

"ಮಂದಿ ಏಕೀಕರಣ ಬೇಕು, ಏಕೀಕರಣ ಬೇಕು ಅಂತ ಭಾಷಣ ಮಾಡಾಕತ್ತಾರ," ಎನ್ನುತ್ತಿದ್ದರು. "ಎಮ್ಮಿಗೋಳು ಯಾವಾಗೋ ಮುಗಿಸಿ ಮೆಲುಕು ಹಾಕ್ಕೋತ ಕುಂತಾವ!"

"ಅಲ್ರಿ ಮಾಮಾರ, ಇದು ಚಲೋ ಸಂಶೋಧನಾ ಹೌದೋ ಅಲ್ಲೋ ಅಂತ ತಿಳಿಯೂದು ಹೆಂಗ?" ಎಂದು ನಾನೊಮ್ಮೆ ಕೇಳಿದೆ.

"ಕರದ್ರ ಬರಬೇಕು. ಅಷ್ಟ," ಎಂದರು ಮಾಮಾ.

ಇಂಥವರಿಗೆ ನಮ್ಮಕ್ಕ ಗಂಟು ಬಿದ್ದದ್ದು ಹೇಗೆ ಎನ್ನುತ್ತೀರಾ? ಅದೂ ಒಂದು ಕೂಗಿನಿಂದಲೇ. ಕನ್ಯೆ ನೋಡಲು ಮಾಮಾ ಹರ್ತಿಗೆ, ನಮ್ಮ ಮನೆಗೆ ಬಂದಿದ್ದರು. ಪಡಸಾಲೆಯಲ್ಲಿ ಉಪ್ಪಿಟ್ಟಿನ ತಾಟು ಮುಂದಿಟ್ಟುಕೊಂಡು ಕೂತಿದ್ದಾರೆ. ಅಕ್ಕನಿಗೆ ಇನ್ನೂ ಸೀರೆ ಉಡಿಸುತ್ತಿದ್ದರು. ಅಷ್ಟರಲ್ಲಿ ನಮ್ಮ ಎಮ್ಮೆ ಕಣ್ಣಿ ಹರಿದುಕೊಂಡು ಓಡಿತು. ಅದು ಅಕ್ಕ ಒಬ್ಬಳ ಮಾತು ಬಿಟ್ಟರೆ ಬೇರೆ ಯಾರ ಮಾತೂ ಕೇಳುತ್ತಿರಲಿಲ್ಲ. ಅಕ್ಕ ಅರ್ಧ ಉಟ್ಟ ಸೀರೆಯ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಓಡಿ ಕೂಗಿದಳು: "ಹೂಂ...ಯ್ ಬಾ! ಬಾ ನಮ್ಮವ್ವಾ, ಬಾ!"

ಮಾಮಾ ತಾಟು ಬಿಟ್ಟು ಎದ್ದವರೇ ಎಂಜಲು ಕೈಯಲ್ಲೇ ಹಿತ್ತಲಿಗೆ ಓಡಿದರು!

"ಇನ್ನೊಮ್ಮೆ ಕರೀರಿ! ಇನ್ನೊಂದ ಸಲ, ಹಂಗ ಕರೀರಿ!"

ಅಕ್ಕ ನಾಚಿಕೆಯಿಂದ ಎಮ್ಮೆಗೆ ಮೇವು ಹಾಕುವ ಗ್ವಾದಲಿಯ ಹಿಂದೆ ಅಡಗಿದಳು. ನಮ್ಮಪ್ಪ ನಡುಮನೆಯಲ್ಲಿ ನಿಂತು, "ಈ ಮನಿಷ್ಯಾ ನಮ್ಮ ಹುಡುಗಿ ನೋಡಾಕ ಬಂದಾನೋ, ಎಮ್ಮಿ ನೋಡಾಕ ಬಂದಾನೋ?" ಎಂದು ಗುಡುಗಿದ. ಎಮ್ಮೆ ಬಂತು, ಮಾಮಾ ಒಪ್ಪಿದರು, ಮದುವೆಯೂ ಆಯಿತು. ಆದರೆ ಊರಿನ ಹೆಂಗಸರು ಬಿಡಬೇಕಲ್ಲ! ಬಾವಿಯ ಹತ್ತಿರ, ಹೊಲದ ದಾರಿಯಲ್ಲಿ, ಕೊನೆಗೆ ಅರಿಷಿಣ ಹಚ್ಚುವಾಗಲೂ "ಎಮ್ಮಿ ಕರಿಯಾಕ ಹೋಗಿ ಗಂಡನ್ನ ಕರಕೊಂಡ್ಲು" ಎಂದು ಕಾಡಿದ್ದೇ ಕಾಡಿದ್ದು. ಅಕ್ಕ ಅಂದಿನಿಂದ ಆ ಕೂಗು ಬಿಟ್ಟೇಬಿಟ್ಟಳು. ಮಾಮಾ ಬೇಡಿಕೊಂಡರು, ಇಳಕಲ್ ಸೀರೆಯ ಆಸೆ ತೋರಿಸಿದರು, ಒಮ್ಮೆ ಉಪವಾಸವನ್ನೂ ಕೂತರು. ಅಕ್ಕ ಬಾಯಿ ಬಿಡಲಿಲ್ಲ. ಪಾಪ, ಅವರು ಆ ಕೂಗನ್ನು ನೆನಪಿನಿಂದಲೇ ಕಲಿತು ಬೆಟಗೇರಿಯ ಮನೆಯ ಹಿತ್ತಲಿನಲ್ಲಿ ರೂಢಿ ಮಾಡಿದರು. ನೆರೆಯವರು ಮನೆ ಬದಲಿಸುವ ಮಾತಾಡತೊಡಗಿದರು.

ನಾನೂ ಆ ಮನೆಯಲ್ಲೇ ಇದ್ದೆ. ಗದಗಿನ ಹತ್ತಿ ಗಿರಣಿಯಲ್ಲಿ ಟೈಪಿಸ್ಟ್ ಕೆಲಸ, ಅಕ್ಕನ ಕೈಯ ಊಟ. ಊಟದ ಋಣ ತೀರಿಸಲು ಮಾಮಾನ ಜೊತೆ ಸಿಂಗಟಾಲೂರಿಗೆ ಹೋಗಬೇಕಾಯಿತು. ಆಗ ಸ್ವಾತಂತ್ರ್ಯ ಬಂದಿತ್ತು, ರಾಜರು ಹೋಗಿದ್ದರು, ಹೊಳೆಯಾಚೆ ಮದ್ರಾಸು ಮಾತ್ರ ಇದ್ದಲ್ಲೇ ಇತ್ತು. ಮಾಮಾ ಈಚೆ ದಂಡೆಯಲ್ಲಿ ನಿಂತು ಹರ್ತಿಯ ಕೂಗು ಹಾಕಿದರು. ಆಚೆ ದಂಡೆಯಲ್ಲಿ ಮೇಯುತ್ತಿದ್ದ ಒಂದು ಎಮ್ಮೆ ಕಿವಿ ನಿಮಿರಿಸಿತು. ಇನ್ನೊಮ್ಮೆ ಕೂಗಿದರು. ಎಮ್ಮೆ ನೀರಿಗಿಳಿದು, ಈಸಿ, ಪ್ರಾಂತ ದಾಟಿ, ಮಾಮಾನ ಮುಂದೆ ಬಂದು ನಿಂತು ಮೈ ಕೊಡವಿತು! ಮಾಮಾನ ಕೋಟು ಕೆಸರಾಯಿತು. ಕಣ್ಣಲ್ಲಿ ನೀರು ಬಂತು. ಹಿಂದೆಯೇ ಹರಿಗೋಲು ಹತ್ತಿ ಎಮ್ಮೆಯ ಒಡೆಯ ಬಂದ, ಕೈಯಲ್ಲಿ ಬಡಿಗೆ.

"ಸಿಟ್ಟಾಗಬ್ಯಾಡ್ರಿ ಯಜಮಾನ್ರ," ಎಂದು ಮಾಮಾ ಕಾಗದ ಮುಂದೆ ಮಾಡಿದರು. "ಕರದಾಗ ಎಮ್ಮಿ ತಾನಾಗೇ ಬಂತು ಅಂತ ಇದರಾಗ ಒಂದು ಸಹಿ ಹಾಕ್ರಿ."

"ಏನಂದಿ? ಸಹಿ ಬ್ಯಾರೆ ಹಾಕಿಸ್ಕೊಂಡು ನನ್ನ ಎಮ್ಮಿ ಹೊಡಕೊಂಡು ಹೊಂಟಿಯೇನಲೇ!"

ಬಡಿಗೆಯ ಏಟು ಬಿದ್ದದ್ದು ಸೈಕಲ್ಲಿನ ಮೇಲೆ ಮತ್ತು ನನ್ನ ಮೇಲೆ. ಪ್ರಬಂಧದಲ್ಲಿ ಸೈಕಲ್ಲಿನ ಉಲ್ಲೇಖವಿದೆ, ನನ್ನದಿಲ್ಲ.

ಆಮೇಲೆ ಟೈಪಿಂಗ್. ವಿಶ್ವವಿದ್ಯಾಲಯದ ಡಿಗ್ರಿಗೆ ಕಳಿಸುವ ಪ್ರಬಂಧ ಇಂಗ್ಲಿಷಿನಲ್ಲೇ ಇರಬೇಕೆಂದು ಕಟ್ಟಳೆ. ಇಂಗ್ಲಿಷ್ ಅಕ್ಷರಗಳಲ್ಲಿ "ಹೂಂಯ್ ಬಾ" ಬರೆದು ನೋಡಿ, ಗೊತ್ತಾಗುತ್ತದೆ ನನ್ನ ಗೋಳು! ಗಿರಣಿಯ ಕೆಲಸ ಮುಗಿದ ಮೇಲೆ ಅಲ್ಲಿಯ ಯಂತ್ರದಲ್ಲೇ ಬಡಿಯುತ್ತಿದ್ದೆ. ಒಂದು ಹಾಳೆ ಅದಲುಬದಲಾಗಿ, ಮುಂಬೈಯ ಹತ್ತಿ ವ್ಯಾಪಾರಿಗೆ ಹೋದ ಪತ್ರದ ಜೊತೆ ಎಮ್ಮೆಯ ಕೂಗೂ ಹೋಯಿತು. ಅಲ್ಲಿಂದ ಉತ್ತರ ಬಂತು: "ನಿಮ್ಮ ಕರೆ ತಲುಪಿತು. ಯಾವಾಗ ಬರಬೇಕು?" ನನ್ನ ನೌಕರಿ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಮಾಮಾ ಮಾತ್ರ, "ನೋಡಲೇ ತಮ್ಮಾ, ಮುಂಬೈ ಮಟಾ ನಡೀತೈತಿ!" ಎಂದು ಕುಣಿದರು.

ಕೊನೆಯಲ್ಲಿ ಒಂದು ಅನುಬಂಧವಿತ್ತು. ಅದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ: "ಈ ಸೀಮೆಯಲ್ಲಿ ಹೆಂಡತಿಯು ಗಂಡನನ್ನು ಕರೆಯಲು ಯಾವ ಕೂಗೂ ಇಲ್ಲ. ಹೆಸರು ಹಿಡಿಯುವಂತಿಲ್ಲ. 'ಏನ್ರಿ' ಎನ್ನುತ್ತಾಳೆ, ಬಳೆ ಸಪ್ಪಳ ಮಾಡುತ್ತಾಳೆ, ಸಿಟ್ಟು ಬಂದರೆ ತಾಟು ಕುಕ್ಕುತ್ತಾಳೆ. ಕೂಗು ಇಲ್ಲ."

"ಎಮ್ಮಿ ಆತು, ಕೋಳಿ ಆತು, ನಾಯಿ ಆತು, ಆಮ್ಯಾಲೆ ಗಂಡ!" ಎಂದಳು ಅಕ್ಕ. "ಭಾಳ ಚಲೋ ಹೊಂದಿಸ್ಯಾರ!"

ಪ್ರಬಂಧ ಹೋಯಿತು. ನಾನೇ ಪಾರ್ಸಲ್ ಕಟ್ಟಿದ್ದೆ. ಹತ್ತಿಯ ಮೂಟೆಗೆ, ಅಂದರೆ ಅಂಡಿಗೆಗೆ, ನಮ್ಮ ಗಿರಣಿಯಲ್ಲಿ ಹಾಕುವ ಗಂಟು ಅದು. ಸುತಳಿ ಕತ್ತರಿಸದೆ ಯಾರಪ್ಪನಿಂದಲೂ ಬಿಚ್ಚಲಾಗದು. ಪರೀಕ್ಷಕರು ಮೂವರು. ಪುಣೆಯಲ್ಲೊಬ್ಬರು, ಮದ್ರಾಸಿನಲ್ಲೊಬ್ಬರು, ಮೈಸೂರಿನಲ್ಲೊಬ್ಬರು. ಬಹಳ ದಿನ ಕಾದ ಮೇಲೆ ಮೂವರ ವರದಿಯೂ ಬಂತು. ಪುಣೆಯವರು ಬರೆದಿದ್ದರು: "ಅಡಿಟಿಪ್ಪಣಿಗಳು ತೀರ ಕಡಿಮೆ. ಇದನ್ನು ಹಿಂದೆ ಯಾರು ಹೇಳಿದ್ದಾರೆ? ಗಡಿಯಾಚೆಗೂ ಕೂಗು ಒಂದೇ ಎಂಬುದು ಬರಿಯ ಊಹೆ." ಮದ್ರಾಸಿನವರು ಬರೆದಿದ್ದರು: "ಪ್ರಬಂಧ ತೆಳ್ಳಗಾಯಿತು."

"ಯಾರೂ ಹೇಳಲಾರದ್ದನ್ನ ಹೇಳು ಅಂತಾರ. ಹೇಳಿದ್ರ, ಮದಲ ಯಾರು ಹೇಳ್ಯಾರ ಅಂತ ಕೇಳ್ತಾರ!" ಮಾಮಾ ತಲೆ ಮೇಲೆ ಕೈ ಹೊತ್ತು ಕೂತರು.

ಮೈಸೂರಿನವರು ಮಾತ್ರ ಒಂದು ಪ್ರಶ್ನೆ ಕೇಳಿದ್ದರು: "ಎಮ್ಮೆ ಬಂದದ್ದು ಕೂಗಿಗೋ, ಮೇವಿನ ಆಸೆಗೋ?" ಅದನ್ನು ಓದಿ ಮಾಮಾನ ಮುಖ ಅರಳಿತು. "ಇವ್ರು ಓದ್ಯಾರಲೇ! ಖರೇನ ಓದ್ಯಾರ! ಡಿಗ್ರಿ ಹಾಳಾಗಿ ಹೋಗ್ಲಿ ತಮ್ಮಾ, ತಿಳಿದಾವ್ರು ಒಬ್ಬರು ಓದಿ 'ಹೌದು, ಇದು ಖರೆ ಐತಿ' ಅಂದ್ರ ನನಗ ಸಾಕು." ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಅದು ಇಷ್ಟು ತುಟ್ಟಿಯ ವಸ್ತು ಎಂದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಮರುದಿನವೇ ಬೆಟಗೇರಿಯ ಕೆರೆಯ ದಂಡೆಗೆ ಹೋದರು. ಕೈಯಲ್ಲಿ ಮೇವಿನ ಕಡ್ಡಿಯೂ ಇಲ್ಲ. ಮೊದಲು ಹರ್ತಿಯ ಕೂಗು ಹಾಕಿದರು, ಎಮ್ಮೆಗಳು ಬಂದವು. ಅವನ್ನು ಹಿಂದಕ್ಕಟ್ಟಿ ಮರಾಠಿಯಲ್ಲಿ ಕರೆದರು, ಬರಲಿಲ್ಲ. ಇಂಗ್ಲಿಷಿನಲ್ಲಿ, ಕ್ಲಾಸಿನ ಧ್ವನಿಯಲ್ಲಿ, "ಕಮ್ ಹಿಯರ್ ಅಟ್ ವನ್ಸ್!" ಎಂದು ಅಬ್ಬರಿಸಿದರು. ವಾಯುವಿಹಾರಕ್ಕೆ ಬಂದಿದ್ದ ಅವರ ಹೆಡ್‌ಮಾಸ್ತರರು ಬೆಚ್ಚಿ ಹತ್ತಿರ ಬಂದರು.

"ಬರಕೋ ತಮ್ಮಾ," ಎಂದರು ಮಾಮಾ. "ಇಂಗ್ಲಿಷಿಗೆ ಎಮ್ಮಿ ಬರಲಿಲ್ಲ. ಹೆಡ್‌ಮಾಸ್ತರ್ ಬಂದ್ರು."

ಪುಣೆಯವರಿಗಾಗಿ ಅಡಿಟಿಪ್ಪಣಿ ತುಂಬಿದೆವು. ಎಷ್ಟು ತುಂಬಿದೆವೆಂದರೆ ಪುಟದ ಮೇಲೆ ಮಾತು ಒಂದೇ ಸಾಲು, ಕೆಳಗೆಲ್ಲ ಟಿಪ್ಪಣಿ. ಮದ್ರಾಸಿನವರಿಗಾಗಿ ನಾನು ಸಾಲುಗಳ ನಡುವೆ ಬಂಡಿ ಹೋಗುವಷ್ಟು ಜಾಗ ಬಿಟ್ಟು ದಪ್ಪ ಮಾಡಿದೆ. ಮತ್ತೆ ಕಟ್ಟು, ಮತ್ತೆ ಕಳಿಸು, ಮತ್ತೆ ಕಾಯಿ! ಬಂತು ವರದಿ. ಪುಣೆ: "ಅಡಿಟಿಪ್ಪಣಿಗಳ ಭಾರ ಅತಿಯಾಯಿತು." ಮದ್ರಾಸು: "ಅನಗತ್ಯವಾಗಿ ದಪ್ಪ." ಮೈಸೂರಿನ ಆ ಪುಣ್ಯಾತ್ಮರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಬಂದ ಹೊಸಬರು ಬರೆದಿದ್ದರು: "ಉಳಿದಿಬ್ಬರ ಅಭಿಪ್ರಾಯವೇ ನನ್ನದೂ."

"ತೆಳ್ಳಗಾತು ಅಂದ್ರು, ದಪ್ಪ ಮಾಡಿದ್ವಿ. ದಪ್ಪಾತು ಅಂತಾರ, ತೆಳ್ಳಗ ಮಾಡೂಣು," ಎಂದರು ಮಾಮಾ. ಧ್ವನಿಯಲ್ಲಿ ಜೀವವಿರಲಿಲ್ಲ. "ಎಮ್ಮಿ ಸುದ್ದಿ ಯಾವಾಗ ಕೇಳ್ತಾರೋ?"

ಮೂರನೆಯ ಸಲ ಕಳಿಸುವ ಹೊತ್ತಿಗೆ ಮಾಮಾನ ತಲೆ ಬೆಳ್ಳಗಾಗಿತ್ತು. ಅಡಿಟಿಪ್ಪಣಿಗಳನ್ನು ಕಿತ್ತೆವು, ಜಾಗ ಕಡಿಮೆ ಮಾಡಿದೆವು, ನಾನು ಅದೇ ಅಂಡಿಗೆಯ ಗಂಟು ಹಾಕಿದೆ. ರವಿವಾರದ ಸೈಕಲ್ ಸವಾರಿ ನಿಂತುಹೋಗಿತ್ತು. ಟಪಾಲಿನವನ ಗಂಟೆ ಕೇಳಿದರೆ ಸಾಕು, ಓದುವ ಪುಸ್ತಕ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಪಾರ್ಸಲ್ ತಿರುಗಿ ಬಂದದ್ದು ಏಕೀಕರಣದ ಸಂಭ್ರಮದ ದಿನಗಳಲ್ಲಿ. ಓಣಿ ಓಣಿಗೆ ತೋರಣ, ವಾಜಂತ್ರಿ, ಪೇಡೆ. ಮುಂಬೈಯವರು, ನಿಜಾಮರ ಕಡೆಯವರು, ಮದ್ರಾಸಿನ ಕಡೆಯವರು ಎಲ್ಲರೂ ಒಂದೇ ರಾಜ್ಯವಾಗಿದ್ದೆವು. ಪಾರ್ಸಲಿಗೆ ಅಂಟಿಸಿದ ಲಕೋಟೆಯನ್ನು ಮಾಮಾ ಪಡಸಾಲೆಯಲ್ಲಿ ನಿಂತೇ ಒಡೆದರು. ಬರೆದದ್ದು ಇಷ್ಟು: "ಗಡಿಗಳ ಈಚೆ ಆಚೆ ಕನ್ನಡ ಒಂದೇ ಎಂಬುದು ಈಗ ಎಲ್ಲರಿಗೂ ತಿಳಿದ ವಿಷಯ. ಹೊಸದೇನೂ ಇಲ್ಲ. ಗುಣಮಟ್ಟ ಸಾಲದು. ಮತ್ತೆ ಸಲ್ಲಿಸಬೇಕಾಗಿಲ್ಲ."

ಮೊದಲು ಬರಿಯ ಊಹೆ, ಈಗ ಎಲ್ಲರಿಗೂ ತಿಳಿದದ್ದು! ಇವೆರಡರ ನಡುವೆ, ಅದು ಖರೆ ಆಗಿದ್ದ ಒಂದು ದಿನವೂ ಇವರಿಗೆ ಸಿಗಲಿಲ್ಲವೇ? ನನ್ನ ಮೈ ಉರಿಯಿತು. ಆಮೇಲೆ ಪಾರ್ಸಲಿನ ಮೇಲೆ ಕಣ್ಣು ಹೋಯಿತು. ಹಿಂದಿನ ಎರಡು ಸಲವೂ ಅದು ಬೇರೆ ದಾರ ಕಟ್ಟಿಕೊಂಡು ಬಂದಿತ್ತು. ಈ ಸಲ ನನ್ನ ಗಂಟು ನಾನು ಹಾಕಿದಂತೆಯೇ ಇತ್ತು. ಬಿಚ್ಚಿಯೇ ಇರಲಿಲ್ಲ.

ಮುಚ್ಚಿಡಬೇಕೆಂದುಕೊಂಡೆ, ಆದರೆ ಮಾಮಾನೂ ನೋಡಿದ್ದರು. ಬೆರಳಿನಿಂದ ಆ ಗಂಟನ್ನು ಒಮ್ಮೆ ಮುಟ್ಟಿದರು. "ಗಟ್ಟಿ ಹಾಕೀದಿ ತಮ್ಮಾ," ಎಂದಷ್ಟೇ ಹೇಳಿ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತರು.

ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ನಾನು ಹೋಗಿ "ಮಾಮಾರ, ಏಳ್ರಿ" ಎಂದೆ. ಕೇಳಿಸಿದಂತೆ ಕಾಣಲಿಲ್ಲ. ಸಂಜೆಯಾಯಿತು. ಅಕ್ಕ ಬಾಗಿಲಲ್ಲಿ ನಿಂತು "ಏನ್ರಿ" ಎಂದಳು. ಬಳೆ ಸಪ್ಪಳ ಮಾಡಿದಳು. ತಾಟು ಕುಕ್ಕಿದಳು. ಅನುಬಂಧದಲ್ಲಿ ಇದ್ದದ್ದೆಲ್ಲ ಮುಗಿಯಿತು. ಮಾಮಾ ಗೋಡೆ ನೋಡುತ್ತ ಹಾಗೇ ಕೂತಿದ್ದರು. ನನಗೆ ಹೆದರಿಕೆಯಾಗತೊಡಗಿತು. ಹೊರಗೆ ಮೆರವಣಿಗೆಯ ವಾಜಂತ್ರಿ ಬೇರೆ ಹತ್ತಿರ ಬರುತ್ತಿತ್ತು.

ಅಕ್ಕ ಒಲೆಯ ಮುಂದೆ ಹೋಗಿ ಹಂಚಿನ ಮೇಲಿನ ರೊಟ್ಟಿ ಇಳಿಸಿದಳು. ಆಮೇಲೆ ಕೈಯ ಹಿಟ್ಟು ಒರೆಸಿಕೊಂಡು, ಸೆರಗು ಸಿಕ್ಕಿಸಿಕೊಂಡು, ಹಿತ್ತಲ ಬಾಗಿಲಿಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದಳು.

"ಹೂಂ...ಯ್ ಬಾ! ಬಾ ನಮ್ಮವ್ವಾ, ಬಾ!"

ಗೋಡೆಯಾಚೆ ನೆರೆಯವರ ಎಮ್ಮೆ ದೊಡ್ಡ ದನಿ ತೆಗೆದು ಓಗೊಟ್ಟಿತು. ಯಾರೂ ನಗಲಿಲ್ಲ. ಮಾಮಾ ಮೆಲ್ಲಗೆ ಈ ಕಡೆ ತಿರುಗಿದರು. ಅಕ್ಕ ಇನ್ನೊಮ್ಮೆ ಕರೆದಳು; ಈ ಸಲ ದನಿ ಒಡೆಯಿತು, ಆದರೂ ಪೂರ್ತಿ ಕರೆದಳು. ಮಾಮಾ ಕಲ್ಲು ಬಿಟ್ಟು ಎದ್ದರು. ಧೋತರ ಝಾಡಿಸಿಕೊಂಡು, ಹಿತ್ತಲು ದಾಟಿ, ಹೊಸ್ತಿಲ ಹತ್ತಿರ ಬಂದು ನಿಂತರು. ಮುಖವೆಲ್ಲ ತೊಯ್ದಿತ್ತು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

"ಇದು ಹರ್ತೀದ ಖರೆ ಕೂಗು," ಎಂದರು ಮಾಮಾ. "ನಾನು ಇಷ್ಟ ದಿನಾ ಸ್ವಲ್ಪ ತಪ್ಪ ಕರಿಯಾಕತ್ತಿದ್ದೆ."

"ತಪ್ಪೋ ಒಪ್ಪೋ, ಬಂದ್ರಲ್ಲ," ಎಂದಳು ಅಕ್ಕ. "ಕೈಕಾಲು ತೊಳಕೊಳ್ರಿ. ರೊಟ್ಟಿ ಆರಾಕತ್ತಾವ."