ಬಂದದ್ದು ಹೋಗದ ಬಾಗಿಲು

ನನ್ನ ಮನೆಯಲ್ಲಿ ನಾನು ಕೂರುವ ಜಾಗದಲ್ಲಿ ಈಗ ದೊಕ್‌ಬೇ ಭಾವ ಕೂರುತ್ತಾರೆ. ನೆಲದಡಿಯ ಬಿಸಿನೀರಿನ ಕೊಳವೆ ಮೊದಲು ಹಾಯುವುದು ಅಲ್ಲೇ. ಕೊರಿಯಾದ ವೊಂಜು ಊರಿನ ಚಳಿಯಲ್ಲಿ, ಒಂಬತ್ತನೇ ಮಹಡಿಯಲ್ಲಿ ಬದುಕುವ ನನ್ನಂಥ ನಿವೃತ್ತನಿಗೆ ಆ ಮೂರಡಿ ಜಾಗಕ್ಕಿಂತ ದೊಡ್ಡ ಸಾಮ್ರಾಜ್ಯ ಬೇಕಿಲ್ಲ. ಆ ಸಾಮ್ರಾಜ್ಯ ಹೋಯಿತು. ಹೇಗೆ ಹೋಯಿತೆಂದು ಹೇಳಿಕೊಂಡರೆ ಮನಸ್ಸಾದರೂ ಹಗುರಾದೀತು.

ಎಲ್ಲಕ್ಕೂ ಕಾರಣ ಒಂದು ಮರದ ಬಳೆ. ನಮ್ಮ ಕಡೆ ಮೂಗುದಾರದ ಬದಲು ಎತ್ತಿನ ಮೂಗಿಗೆ ಹಾಕುತ್ತಾರಲ್ಲ, ಅದು. ಅದನ್ನು ಬಾಗಿಲ ಮೇಲೆ ಕಟ್ಟಿದರೆ ಒಳಗೆ ಬಂದ ಅದೃಷ್ಟ ಮತ್ತೆ ಹೊರಗೆ ಹೋಗುವುದಿಲ್ಲ ಎಂದು ನನ್ನ ಹೆಂಡತಿ ಸೂನಿಮ್ ಹಟ ಹಿಡಿದಳು. ಅಂಗಡಿಯ ಹೊಸ ಬಳೆ ಆಗದಂತೆ. ನಿಜವಾದ ಎತ್ತಿನ ಮೂಗಿನಲ್ಲಿದ್ದು ಸವೆದದ್ದೇ ಆಗಬೇಕಂತೆ. (ಈ ಮನೆಯಲ್ಲಿ ಮೂಗುದಾರ ಹಾಕಿಸಿಕೊಂಡವನು ಈಗಾಗಲೇ ಒಬ್ಬನಿದ್ದಾನಲ್ಲ ಎಂದು ನಾನು ಹೇಳಲಿಲ್ಲ. ಹೇಳುವವನಾಗಿದ್ದರೆ ಮೂಗುದಾರವೇ ಇರುತ್ತಿರಲಿಲ್ಲ.)

ಅವಳ ಅಣ್ಣ ದೊಕ್‌ಬೇ ಹಳ್ಳಿಯಲ್ಲಿ ತಮ್ಮ ಕೊನೆಯ ಎತ್ತನ್ನು ಮಾರಿದ್ದರು. ಅದರ ಬಳೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, "ಎರಡು ದಿನ ಇದ್ದು, ಕಟ್ಟಿಕೊಟ್ಟು ಹೋಗ್ತೀನಿ" ಎಂದು ಬಂದರು. ಬಳೆಯ ಪ್ರತಿಷ್ಠಾಪನಾ ಮಹೋತ್ಸವ ಅಂದೇ ಅಕ್ಕಿಹೆಂಡದ ಸಮೇತ ಸಾಂಗವಾಗಿ ನೆರವೇರಿತು. ಮರುದಿನದಿಂದ ಬಳೆ ತನ್ನ ಕೆಲಸ ಶುರುಮಾಡಿತು. ಅದೃಷ್ಟ ಇನ್ನೂ ಬಂದಿರಲಿಲ್ಲ, ಬಂದಿದ್ದವರು ಭಾವ ಒಬ್ಬರೇ. ಬಳೆ ಅವರನ್ನೇ ಕಟ್ಟಿಹಾಕಿತು. ಚಳಿಗಾಲಕ್ಕೆಂದು ಎಲೆಕೋಸಿನ ಉಪ್ಪಿನಕಾಯಿ, ಕಿಮ್ಚಿ, ಹಾಕುವ ಹೊತ್ತಿಗೆ ಬಂದವರು, ಅದು ಹುಳಿಯಾಗಿ ಸಾರಿಗೆ ಬೀಳುವ ಹೊತ್ತಾದರೂ ಹೊರಡಲಿಲ್ಲ.

ಎತ್ತಿಗೆ ಮೇವು ಬೇಯಿಸುವ ಅಭ್ಯಾಸ ಬಿಡಲಾರದೆ ಕೋಳಿ ಕೂಗುವ ಮೊದಲೇ ಎದ್ದು ಅಡುಗೆಮನೆಯಲ್ಲಿ ಪಾತ್ರೆ ಉರುಳಿಸುತ್ತಿದ್ದರು. ನಾನು ಮಣೆಯ ಮೇಲಿನ ಕರಿ-ಬಿಳಿ ಕಲ್ಲಿನ ಆಟ ನೋಡುತ್ತಿದ್ದ ಟೀವಿಯಲ್ಲಿ ಗೂಳಿ ಕಾಳಗ ಬಂತು. ಅದೂ ಹೋಗಲಿ, ಎತ್ತು ಸಾಕಿದ ಕಣ್ಣು ಸುಮ್ಮನಿರಬೇಕಲ್ಲ, ಅದು ನನ್ನ ಮೇಲೆ ಬಿತ್ತು.

"ಭಾವನೋರು ಎಡಗಡೆನೇ ಅಗೀತಾರೆ. ನೋಡಿದ್ಯಾ ಸೂನಿಮ್?" ಎಂದರು ಒಂದು ದಿನ ಊಟಕ್ಕೆ ಕೂತಾಗ, ನನ್ನ ಬಾಯಿ ನೋಡುತ್ತಾ. ನಾವಿಬ್ಬರೂ ಒಬ್ಬರಿಗೊಬ್ಬರು ಭಾವನೇ.

"ಇಷ್ಟು ವರ್ಷ ಸಂಸಾರ ಮಾಡಿದೀನಿ, ನಂಗೆ ಗೊತ್ತೇ ಆಗಿರ್ಲಿಲ್ಲ ನೋಡು."

"ಬಲಗಡೆ ದವಡೆ ಹಲ್ಲು ಹೋಗಿದೆ. ಸಂತೇಲಾಗಿದ್ರೆ ಬೆಲೆ ಇಳಿಸ್ತಿದ್ರು."

"ಇಳಿಸೋಕೆ ಮೊದ್ಲು ಬೆಲೆ ಅಂತ ಇರ್ಬೇಕಲ್ಲಣ್ಣ."

ಅಣ್ಣ ತಂಗಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಬಲಗಡೆ ಅಗಿದು ತೋರಿಸಲು ಹೋಗಿ ನಾಲಿಗೆ ಕಚ್ಚಿಕೊಂಡೆ.

ಅಂದು ಪಾತ್ರೆ ತೊಳೆಯುವಾಗ ಹೆಂಡತಿಯನ್ನು ಮೆಲ್ಲಗೆ ಕೇಳಿದೆ. "ನಿಮ್ಮಣ್ಣ ಯಾವಾಗ ಹೊರಡ್ತಾರಂತೆ?"

"ನೀವೇ ಕೇಳಿ."

"ನಾನು ಕೇಳಿದ್ರೆ ಬೇಜಾರು ಮಾಡ್ಕೋತಾರೆ."

"ನಾನು ಕೇಳಿದ್ರೆ ಕುಣಿದಾಡ್ತಾರಾ? ಎತ್ತು ಹೋದ್ಮೇಲೆ ಆ ಮನೇಲಿ ಉಸಿರಾಡೋ ಜೀವ ಇನ್ನೊಂದಿಲ್ಲ ರೀ."

ನನಗೆ ನಿಜಕ್ಕೂ ಅಯ್ಯೋ ಅನ್ನಿಸಿತು. ಆದರೆ ಎಷ್ಟು ಹೊತ್ತು ಅನ್ನಿಸೀತು? ನಾನು ನಿಂತಿದ್ದ ಕಡೆ ನೆಲ ತಣ್ಣಗೆ ಕೊರೆಯುತ್ತಿತ್ತು.

ಮರುದಿನ ಅಣ್ಣ ತಂಗಿ ಸಂತೆಗೆ ಹೋದಾಗ ನಾನು ಸ್ಟೂಲು ಹತ್ತಿ, ಕೋಟೆಯ ಬಾವುಟ ಇಳಿಸುವ ದಂಡನಾಯಕನ ಗಾಂಭೀರ್ಯದಿಂದ ಬಳೆಯನ್ನು ಬಿಚ್ಚಿದೆ. ಒಯ್ದು ಬಾಯ್ಲರ್ ಗೂಡಿನ ಸಂದಿಗೆ ತುರುಕಿದೆ. ಕೈತುಂಬ ಮೂಲಂಗಿ ಹೊತ್ತು ಬಂದ ಇಬ್ಬರೂ ತಲೆ ಎತ್ತಿ ನೋಡಲಿಲ್ಲ.

ಸಂಜೆ ಸಾರು ಕುಡಿಯುತ್ತಾ ಭಾವ, "ನಾಳೆ ಹನ್ನೊಂದರ ಬಸ್ಸಿಗೆ ಟಿಕೆಟ್ ತಂದಿದೀನಿ" ಎಂದರು. ಅದೃಷ್ಟದ ವಸ್ತುಗಳನ್ನು ನಾನು ಇಷ್ಟು ದಿನ ಹಗುರವಾಗಿ ಕಂಡದ್ದು ತಪ್ಪು ಎನ್ನಿಸಿತು.

ಬೆಳಿಗ್ಗೆ ಅವರ ಚೀಲವನ್ನು ನಾನೇ ಬಾಗಿಲವರೆಗೆ ಹೊತ್ತು ತಂದೆ. ಭಾವ ಒಂದು ಕಾಲಿಗೆ ಬೂಟು ಹಾಕಿಕೊಂಡು ಸುಮ್ಮನೆ ಮೇಲೆ ನೋಡಿದರು. ಅಲ್ಲೇ ಕುಸಿದು ಕೂತರು.

"ಸೂನಿಮ್, ಬಳೆ ಎಲ್ಲೇ?"

ಸೂನಿಮ್ ಮೇಲೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

"ಬೋಳು ಬಾಗಿಲ ಮನೇಲಿ ತಂಗೀನ ಬಿಟ್ಟು ನಾನು ಹೆಂಗೆ ಹೋಗ್ಲಿ? ಅದು ಸಿಗೋವರ್ಗೂ ಹೊರಡಲ್ಲ" ಎಂದರು ಭಾವ.

ಬಸ್ಸಿಗೆ ಹೊತ್ತಾಗುತ್ತಿತ್ತು. ಚಪ್ಪಲಿ ಗೂಡು ಕೆದಕಿದೆ, ಮಂಚದಡಿ ನುಗ್ಗಿದೆ, ತೋರಿಕೆಗೆ ಫ್ರಿಜ್ಜನ್ನೂ ತೆಗೆದು ನೋಡಿದೆ. ಕೊನೆಗೆ ಬಾಯ್ಲರ್ ಗೂಡಿಗೆ ಕೈಹಾಕಿ, "ಸಿಕ್ತು, ಸಿಕ್ತು" ಎಂದು ಓಡಿ ಬಂದೆ.

"ಅಲ್ಲಿಗೆ ಹೆಂಗೆ ಹೋಯ್ತು?"

"ಗಾಳಿಗೆ ಬಿದ್ದು ಉರುಳ್ಕೊಂಡು ಹೋಗಿರ್ಬೇಕು."

"ಎರಡು ಬಾಗಿಲು ದಾಟ್ಕೊಂಡು?" ಎಂದಳು ಸೂನಿಮ್.

ನಾನು ಸ್ಟೂಲು ಹತ್ತಿ, ಬಳೆಯನ್ನು ಗಂಟಿನ ಮೇಲೆ ಗಂಟು ಹಾಕಿ ಬಿಗಿದೆ. ಇನ್ನು ಹೊರಡಬಹುದು ಎನ್ನಲು ತಿರುಗಿದರೆ ಭಾವ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಭಾವನೋರೇ, ನಾನು ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ನಿಮಗೆ ನಾನು ಭಾರ ಆಗಿದೀನಿ ಅಂದ್ಕೊಂಡೇ ಟಿಕೆಟ್ ತಂದಿದ್ದು. ನೀವು ನೋಡಿದ್ರೆ ನಾನು ಹೊರಡೋ ಹೊತ್ತಿಗೆ ಮನೆಯೆಲ್ಲ ಹುಡುಕಿ ತಂದು, ಬಂದದ್ದು ಹೋಗ್ಬಾರ್ದು ಅಂತ ನನ್ನ ಎದುರಿಗೇ ಕಟ್ಟಿದ್ರಿ. ಬಾಯಲ್ಲಿ ಹೇಳೋಕೆ ನಿಮಗೆ ಸಂಕೋಚ. ಅಷ್ಟೂ ಅರ್ಥ ಆಗದ ದಡ್ಡ ಅಲ್ಲ ನಾನು."

ಹಾಕಿದ್ದ ಒಂದು ಬೂಟನ್ನೂ ಕಳಚಿಟ್ಟರು.

"ಬಸ್ಸು..." ಎಂದೆ ನಾನು ಸ್ಟೂಲಿನ ಮೇಲಿಂದಲೇ.

"ಹೋಗ್ಲಿ ಬಿಡಿ ಬಸ್ಸು."

ಸೂನಿಮ್ ಕೈಕೊಟ್ಟು ನನ್ನನ್ನು ಕೆಳಗಿಳಿಸಿದಳು. ನನ್ನ ತೋಳಿಗಂಟಿದ್ದ ಬಾಯ್ಲರ್ ಗೂಡಿನ ಜೇಡರಬಲೆ ಒರೆಸುತ್ತಾ, "ನಿನ್ನೆನೂ ಇದೇ ಅಂಟಿತ್ತು" ಎಂದು ನನಗಷ್ಟೇ ಕೇಳುವ ಹಾಗೆ ಹೇಳಿದಳು. ಆಮೇಲೆ ದನಿ ಏರಿಸಿದಳು. "ಬಸ್ಸು ಯಾಕಣ್ಣ ಸುಮ್ನೆ ಹೋಗ್ಬೇಕು? ಟಿಕೆಟ್ ಇದೆಯಲ್ಲ. ನಿನ್ನ ಹಾಸಿಗೆ, ಚಳಿ ಬಟ್ಟೆ, ಉಪ್ಪಿನಕಾಯಿ ಜಾಡಿ ಎಲ್ಲಾನೂ ಇವ್ರೇ ಹಳ್ಳಿಗೆ ಹೋಗಿ ತರ್ತಾರಂತೆ."

ಭಾವ ಟಿಕೆಟ್ಟನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ನಂತರ ಎತ್ತಿನ ಬೆನ್ನು ತಟ್ಟುವ ಹಾಗೆ ನನ್ನ ಬೆನ್ನು ತಟ್ಟಿ, ಬೆಚ್ಚಗಿನ ಜಾಗದ ಕಡೆಗೆ ನಡೆದರು.

ನಾನು ಬೂಟು ಹಾಕಿಕೊಂಡೆ. ಬಳೆ ತಲೆಯ ಮೇಲೇ ಇತ್ತು. ಆ ಮನೆಯಿಂದ ನಾನೊಬ್ಬ ಹೊರಗೆ ಹೋಗುವುದಕ್ಕೆ ಅದರ ಅಡ್ಡಿಯೇನೂ ಇರಲಿಲ್ಲ.