ಜೇಬಿನಲ್ಲೇ ಉಳಿದ ಅಕ್ಕನ ಫಾರ್ಮು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಕ್ಕ ಕೊಟ್ಟ ಫಾರ್ಮನ್ನು ನಾನು ಬೇಲಾಪುರದ ಆಫೀಸಿಗೆ ಕೊಡಲಿಲ್ಲ. ಮರೆತಿರಲಿಲ್ಲ. ಜ್ವರ ಬಂದಿರಲಿಲ್ಲ. ಹದಿನಾರು ದಿನ ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ನಾನೇ ಬೇಕೆಂದು ಇಟ್ಟುಕೊಂಡಿದ್ದೆ. ಯಾಕೆಂದರೆ ನಾನು ಭಾರೀ ಬುದ್ಧಿವಂತ!

ನಾನು ಕಲಿತದ್ದು ಐದನೆಯ ತರಗತಿಯವರೆಗೆ. ಕಲಬುರಗಿ ಕಡೆಯವನು. ಮರಾಠಿ ಸೀಮೆಗೆ ಬಂದು, ತುರ್ಭೆಯ ಧಾನ್ಯದ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷಗಳಿಂದ ಹಮಾಲಿ ಮಾಡುತ್ತಿದ್ದೇನೆ. ಚೀಲದ ಮೂಲೆಗೆ ಮೂಗು ಹಿಡಿದರೆ ಸಾಕು, ಒಳಗಿರುವುದು ಹೊಸ ಅಕ್ಕಿಯೋ ಹಳೆಯದೋ ಎಂದು ಹೇಳಬಲ್ಲೆ. ಮೇಲೆ ಒಳ್ಳೆಯ ಅಕ್ಕಿ ಹರಡಿ ಕೆಳಗೆ ನುಚ್ಚು ತುಂಬಿದ್ದರೆ ಅದೂ ಗೊತ್ತಾಗುತ್ತದೆ. ಇಪ್ಪತ್ತು ವರ್ಷ ಚೀಲಗಳ ಮೇಲೆ ಸಂಶಯಪಟ್ಟು ಪಳಗಿದವನಿಗೆ ಮನುಷ್ಯರೂ ಚೀಲದಂತೆಯೇ ಕಾಣುತ್ತಾರೆ. ಯಾರಾದರೂ ನನ್ನನ್ನು ನೋಡಿ ನಕ್ಕರೆ, ಕೆಳಗೆ ನುಚ್ಚು ಇರಲೇಬೇಕು ಅನ್ನಿಸುತ್ತದೆ.

ಠಾಣೆ ಪಟ್ಟಣದ ಪಕ್ಕದ ಕಳವಾ ಎಂಬಲ್ಲಿ, ಒಂದೇ ಖೋಲಿಯಲ್ಲಿ ನಾನು, ನನ್ನ ಹೆಂಡತಿ ನಾಗಮ್ಮ, ನನ್ನ ಅಕ್ಕ ಮಲ್ಲಮ್ಮ ಇರುತ್ತೇವೆ. ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಜೊತೆಗೇ ಇದ್ದಾಳೆ. ಠಾಣೆಯ ಬಿಲ್ಡಿಂಗುಗಳಲ್ಲಿ ಐದು ಮನೆಯ ಪಾತ್ರೆ ತಿಕ್ಕುತ್ತಾಳೆ. ಸಾಬೂನಿನ ನೀರಿಗೆ ಅವಳ ಬೆರಳ ಸಂದಿಗಳು ಒಡೆದು ಹೋಗಿವೆ. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅಂಥವಳನ್ನು ಕಾಪಾಡುವುದು ತಮ್ಮನಾದವನ ಕರ್ತವ್ಯವಲ್ಲವೇ? ಕರ್ತವ್ಯ ಎಂಬ ಮಾತು ನನ್ನ ತಲೆಗೆ ಬಂದಾಗಲೆಲ್ಲ ಏನೋ ಒಂದು ಅನಾಹುತವಾಗುತ್ತದೆ.

ನಮ್ಮ ಗಲ್ಲಿಯ ತುದಿಯಲ್ಲಿ, ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಮಿಜೋರಾಂ ಕಡೆಯ ಒಂದು ಚರ್ಚಿನವರು ಸೆಂಟರ್ ನಡೆಸುತ್ತಾರೆ. ಮಧ್ಯಾಹ್ನ ಕೂಲಿಯವರ ಮಕ್ಕಳಿಗೆ ಊಟ, ಹೆಂಗಸರಿಗೆ ಹೆಣಿಗೆ. ಎಲ್ಲವನ್ನೂ ನೋಡಿಕೊಳ್ಳುವವಳು ರಿನಿ ದೀದಿ ಎಂಬ ಮಿಜೋ ಹೆಂಗಸು. ಹೆಣಿಗೆ ಕಲಿಸುವವಳು ದೋಲ್ಮಾ, ಟಿಬೆಟಿನವಳು. ಹಿಂದೆ ಚಳಿಗಾಲದಲ್ಲಿ ಠಾಣೆಯ ಫುಟ್‌ಪಾತಿನಲ್ಲಿ ಸ್ವೆಟರ್ ಮಾರಲು ಬಂದವಳು ಇಲ್ಲಿಯೇ ನಿಂತಳು. ಇಷ್ಟು ದೂರದಿಂದ ಬಂದು ಇವರು ಪುಕ್ಕಟೆ ಕಲಿಸುತ್ತಾರೆ. ನನಗೆ ಇಷ್ಟೇ ಸಾಕಾಯಿತು. ಪುಕ್ಕಟೆಯಾಗಿ ನನಗೆ ಈ ಊರಲ್ಲಿ ಸಿಕ್ಕಿದ್ದು ರೈಲಿನಲ್ಲಿ ಮೊಣಕೈ ತಿವಿತ ಮಾತ್ರ!

ಅಕ್ಕ ಅಲ್ಲಿಗೆ ಹೋಗತೊಡಗಿ ಒಂದು ವರ್ಷವಾಗಿತ್ತು. ಒಂದು ಬೆಳಿಗ್ಗೆ ಅವಳು ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕಿದ್ದನ್ನು ಕಂಡೆ. ಸಂಜೆಯೂ ಹಾಗೆಯೇ ಮಾಡಿದಳು.

"ಅದು ಯಾರಿಗಿ, ಅಕ್ಕಾ?"

"ಸೆಂಟರಿಗೆ. ರಿನಿ ದೀದಿ ಊರಾಗ ಎಲ್ಲಾರ ಮನ್ಯಾಗೂ ಹಿಂಗೇ ಇಡ್ತಾರಂತ."

ನನ್ನ ಕಿವಿಗಳು ನೆಟ್ಟಗಾದವು. ಅವರ ಊರಿನ ಪದ್ಧತಿ ನಮ್ಮ ಒಲೆಯ ಮುಂದೆ! ಅಕ್ಕ ಸ್ನಾನಕ್ಕೆ ಹೋದಾಗ ಡಬ್ಬಿ ತೆರೆದು ಮೂಸಿ ನೋಡಿದೆ. ಸಾದಾ ಕೋಲಂ ಅಕ್ಕಿ, ಸ್ವಲ್ಪ ಹಳೆಯದು. ವಾಸನೆಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿಲ್ಲದ್ದು ಕಂಡರೆ ನನಗೆ ಸಂಶಯ ಇನ್ನೂ ಜಾಸ್ತಿ.

ಅದೇ ವಾರ ಅಕ್ಕ ಸೆಂಟರಿನವರು ತುಂಬಿಕೊಟ್ಟ ಫಾರ್ಮು ತಂದು ನನ್ನ ಕೈಗೆ ಕೊಟ್ಟಳು. ನೆರೂಳಿನಲ್ಲಿ ಮೂರು ತಿಂಗಳು ಹೆಣಿಗೆ ಮಷಿನ್ ಕಲಿಸುವ ಸರ್ಕಾರಿ ತರಬೇತಿಯಂತೆ. ಕಲಿತವರಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದಂತೆ.

"ತಮ್ಮಾ, ಮುಂದಿನ ವಾರ ಶುಕ್ರವಾರ ಕಡೀ ದಿನ," ಎಂದಳು. "ನಿನಗ ತುರ್ಭೆದಿಂದ ಬೇಲಾಪುರ ಹತ್ರ ಆಗ್ತದಲ್ಲ, ಕೊಟ್ಟು ಬಾ. ಇದೊಂದು ಆತಂದ್ರ ಮಂದಿ ಮನಿ ಭಾಂಡಿ ತಿಕ್ಕೂದು ತಪ್ತದ."

ನಾನು ಫಾರ್ಮನ್ನು ಎದೆಗಿಟ್ಟುಕೊಂಡು, ಬಹಳ ಗಂಭೀರವಾಗಿ, "ನಾ ಅದೀನಿ," ಎಂದೆ. ಇದ್ದದ್ದೇ ತೊಂದರೆಯಾಯಿತು.

ಮರುದಿನ ತುರ್ಭೆಯ ಚಹಾದ ಅಂಗಡಿಯಲ್ಲಿ ಬಸಣ್ಣನಿಗೆ ಫಾರ್ಮು ತೋರಿಸಿದೆ. ಬಸಣ್ಣ ವಿಜಯಪುರದವನು, ನನ್ನ ಜೊತೆಯ ಹಮಾಲ. ಮೆಟ್ರಿಕ್ ನಾಲ್ಕು ಸಲ ಫೇಲ್ ಆದವನು. ಒಂದು ಸಲವೂ ಕೂರದ ನಮಗೆಲ್ಲ ಅವನೇ ಪಂಡಿತ. ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿ, ಒಂದು ಕಡೆ ಬೆರಳಿಟ್ಟು ಹುಬ್ಬೇರಿಸಿದ.

"ಏನೋ?"

"ಶರಣಪ್ಪಾ, ಇಲ್ಲಿ ಧರ್ಮ ಬರಿಯೂ ಚೌಕದ ಮನಿ ಅದ. ಖಾಲಿ ಬಿಟ್ಟಾರ."

"ಬಿಟ್ರ ಏನಾಯ್ತು?"

"ಖಾಲಿ ಯಾಕ ಬಿಡ್ತಾರ ಹೇಳು? ಆಮ್ಯಾಲ ತುಂಬಲಿಕ್ಕ!"

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಹಿಡಿ ಅಕ್ಕಿ, ಪುಕ್ಕಟೆ ಹೆಣಿಗೆ, ಖಾಲಿ ಮನೆ. ಮೂರೂ ಕೂಡಿಸಿದೆ: ಅಕ್ಕನನ್ನು ತಮ್ಮ ಧರ್ಮಕ್ಕೆ ಸೇರಿಸಿಕೊಳ್ಳುವ ಹಂಚಿಕೆ! ಲೆಕ್ಕ ಸರಿಯಾಗಿ ಬಂತು. ಐದನೆಯ ತರಗತಿಯಲ್ಲಿ ಇಷ್ಟು ಚೆನ್ನಾಗಿ ಲೆಕ್ಕ ಬಂದಿದ್ದರೆ ನಾನು ಆರನೆಯದಕ್ಕೆ ಹೋಗುತ್ತಿದ್ದೆ.

ಫಾರ್ಮು ಜೇಬಿನಲ್ಲೇ ಉಳಿಯಿತು. ಮನೆಯಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಅಂಗಿಯನ್ನೇ ಬಿಚ್ಚಲಿಲ್ಲ. ಆರನೆಯ ದಿನ ನಾಗಮ್ಮ ಮೂಗು ಮುಚ್ಚಿಕೊಂಡು ಕೇಳಿದಳು:

"ಏನ್ರೀ, ಅದೇ ಅಂಗಿ? ಏನರ ವ್ರತ ಹಿಡಿದೀರೇನು?"

"ಹ್ಞೂ. ಮನಿ ಒಳ್ಳೇದಕ್ಕ."

"ಯಾವ ದೇವರ್ರಿ ಅದು, ಇಷ್ಟು ವಾಸನಿ ತಡಕೊಳ್ಳೂದು?"

ಇತ್ತ ಅಕ್ಕಿಗೂ ಒಂದು ಉಪಾಯ ಮಾಡಿದೆ. ಖಂಡೋಬನ ಗುಡಿಯಿಂದ ಒಂದು ಪೊಟ್ಟಣ ಭಂಡಾರ, ಅಂದರೆ ಅರಿಶಿನದ ಪುಡಿ, ತಂದು ಅಕ್ಕನ ಡಬ್ಬಿಗೆ ಸುರಿದು ಅಲುಗಾಡಿಸಿದೆ. ಮಾಟವಿದ್ದರೆ ಮುರಿಯಲಿ! ಆ ಮಧ್ಯಾಹ್ನ ಅಕ್ಕ ಡಬ್ಬಿ ಒಯ್ದಳು. ಸಂಜೆ ನಗುನಗುತ್ತ ಬಂದಳು.

"ನಾಗೀ, ಅಕ್ಕಿಗೆ ಅರಿಷಣ ನೀ ಹಚ್ಚಿದ್ದೇನ? ಅಕ್ಷತಿ ಹಂಗ ಕಾಣ್ಲಿಕತ್ತಿತ್ತು. ನಿಮ್ಮಲ್ಲಿ ಇದಕ್ಕ ಏನಂತಾರಂತ ದೀದಿ ಕೇಳಿದಳು. ಆಶೀರ್ವಾದ ಮಾಡ್ಲಿಕ್ಕ ಹಾಕ್ತೀವಿ ಅಂದೆ. ಆಕಿ ಕಣ್ಣಾಗ ನೀರೇ ಬಂತು."

ಮಾಟ ಮುರಿಯಲು ಹೋದವನು ಅವರ ತಲೆಗೆ ಅಕ್ಷತೆ ಹಾಕಿ ಹರಸಿ ಬಂದಿದ್ದೆ!

ಇನ್ನು ತಡ ಮಾಡಬಾರದೆಂದು ಶುಕ್ರವಾರ ಮಧ್ಯಾಹ್ನ ಕೆಲಸ ಬಿಟ್ಟು, ಬಸಣ್ಣನನ್ನು ಸಾಕ್ಷಿಗೆ ಕರೆದುಕೊಂಡು ಸೆಂಟರಿನ ಮೆಟ್ಟಿಲು ಹತ್ತಿದೆ. ಬಾಗಿಲ ಹತ್ತಿರ ದೋಲ್ಮಾ ಕೂತು ಉಣ್ಣೆಯ ಹೆಣಿಗೆಯ ಮೇಲೆ ಬೆರಳಾಡಿಸುತ್ತ ತುಟಿ ಅಲುಗಾಡಿಸುತ್ತಿದ್ದಳು. ಕೈಗೆ ಜಪಮಣಿ ಸುತ್ತಿಕೊಂಡಿದ್ದಳು. ಟಿಬೆಟಿನವಳಿಗೆ ಕನ್ನಡ ಎಲ್ಲಿಂದ ಬರಬೇಕು ಎಂದು ಧೈರ್ಯವಾಗಿ ಬಸಣ್ಣನಿಗೆ ಹೇಳಿದೆ:

"ನೋಡೋ, ಇಕಿನೇ ದೊಡ್ಡ ಮಾಟಗಾತಿ. ಮಣಮಣ ಅಂತ ಹೆಂಗ ಮಂತ್ರ ಹಾಕ್ಲಿಕತ್ತಾಳ."

ಅವಳು ತಲೆ ಎತ್ತದೆಯೇ ಅಂದಳು:

"ಮಂತ್ರ ಅಲ್ರೀ ಅಣ್ಣಾ, ಕುಣಿಕಿ ಎಣಸಾಕತ್ತಿದ್ದೆ. ನೂರಾ ಹನ್ನೆರಡಕ್ಕ ಬಂದಿದ್ದೆ. ನಿಮ್ಮ ಬಾಯಿ ಸಲುವಾಗಿ ಮತ್ತ ಒಂದರಿಂದ ಎಣಸಬೇಕು."

ತಿರುಗಿ ನೋಡಿದರೆ ಬಸಣ್ಣ ಆಗಲೇ ರಸ್ತೆಯಲ್ಲಿದ್ದ.

"ನಿಮಗ ಕನ್ನಡ..." ಎಂದು ತೊದಲಿದೆ.

"ಹುಟ್ಟಿದ್ದು ಮುಂಡಗೋಡದಾಗ್ರಿ. ಅಪ್ಪಾಗ ಅಲ್ಲೇ ನಮ್ಮ ಟಿಬೆಟ್ ಮಂದಿ ಕ್ಯಾಂಪಿನ್ಯಾಗ ಗೋವಿನಜೋಳದ ಹೊಲ ಐತಿ. ಸಾಲಿ ಕಲತದ್ದೂ ಕನ್ನಡದಾಗ. ನೀವು ಮಲ್ಲಮ್ಮಕ್ಕನ ತಮ್ಮ ಹೌದಿಲ್ಲೋ? ಅಂಗಿ ವಾಸನಿ ಬಗ್ಗೆ ಅಕ್ಕ ಹೇಳ್ಯಾಳ. ಬರ್ರಿ, ಕುಂಡರ್ರಿ."

ಕೂತೆ. ಚಹಾ ಬಂತು. ಮೊದಲು ಮೂಸಿ ನೋಡಿ ಕುಡಿದೆ. ಏಲಕ್ಕಿ! ಆದರೂ ತನಿಖೆ ಬಿಡಲಿಲ್ಲ.

"ನೀವೂ ಇವರ ಧರ್ಮಕ್ಕ ಹೋಗೀರೇನ್ರಿ?"

ದೋಲ್ಮಾ ಜಪಮಣಿ ಎತ್ತಿ ತೋರಿಸಿದಳು. "ನಾಲ್ಕು ವರ್ಷ ಆತ್ರಿ ದೀದಿ ಜೋಡಿ. ಆಕಿ ಯೇಸುಗ ಕೈ ಮುಗೀತಾಳ, ನಾ ಬುದ್ಧಗ. ನಮ್ಮಿಬ್ಬರದು ಜಗಳ ಆಗೂದು ಫ್ಯಾನ್ ಸಲುವಾಗಿ. ಆಕಿಗೆ ಗಾಳಿ ಬೇಕು, ನನ್ನ ಉಣ್ಣಿ ಹಾರತೈತಿ."

ಒಳಗಿನಿಂದ ರಿನಿ ದೀದಿ ಬಂದಳು. "ಆಯಿಯೇ ಭೈಯಾ," ಎಂದು ನಕ್ಕಳು. ಅವಳ ಹಿಂದೆ ಅಕ್ಕ. ಅಕ್ಕನ ಕುತ್ತಿಗೆಯಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. ಇಬ್ಬರು ಹೆಂಗಸರು "ಮಲ್ಲಮ್ಮಾ, ಇಧರ್ ದೇಖೋ ನಾ" ಎಂದು ತಮ್ಮ ಹೆಣಿಗೆ ಹಿಡಿದು ಅವಳನ್ನು ಕಾಯುತ್ತಿದ್ದರು. ನನ್ನ ಅಕ್ಕನನ್ನು ಯಾರಾದರೂ ಏನಾದರೂ ಕಲಿಸು ಎಂದು ಕೇಳಿದ್ದನ್ನು ನಾನು ಅಂದೇ ಮೊದಲು ಕಂಡದ್ದು.

ನಾನು ಕೆಮ್ಮಿ, ಹಿಡಿ ಅಕ್ಕಿಯ ವಿಷಯ ತೆಗೆದೆ. ದೀದಿ ಹಿಂದಿಯಲ್ಲಿ ಹೇಳಿದಳು. ಅವರ ಗುಡ್ಡಗಳಲ್ಲಿ ಪ್ರತಿ ಮನೆಯವರೂ ಅಡುಗೆಗೆ ಮೊದಲು ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ. ಬಡವರೂ ಇಡುತ್ತಾರೆ. ಹಾಗೆ ಕೂಡಿದ ಅಕ್ಕಿಯಿಂದಲೇ ಅವಳಂಥವರು ದೂರದ ಊರುಗಳಿಗೆ ಕೆಲಸಕ್ಕೆ ಬರುತ್ತಾರೆ.

"ಹಂಗಾದರ ನಿಮಗ ನಮ್ಮ ಅಕ್ಕನ ಅಕ್ಕಿ ಯಾಕ ಬೇಕು?" ಎಂದೆ, ಹಿಂದಿಯಲ್ಲಿ, ವಕೀಲನಂತೆ.

ಉತ್ತರ ಕೊಟ್ಟವಳು ಅಕ್ಕ. "ಅವರು ಕೇಳಿಲ್ಲೋ. ಇಲ್ಲಿ ಉಣ್ಣೂ ಮಕ್ಕಳಿಗೆ ಆಗ್ತದಂತ ನಾನೇ ಸುರು ಮಾಡಿದ್ದು. ನಮ್ಮವ್ವ ಮಠಕ್ಕಂತ ದಿನಾ ಹಿಡಿ ಜ್ವಾಳ ತೆಗೆದಿಡ್ತಿದ್ದಳು, ಮರತೇನು? ಆ ಗಂಟು ಹೊತ್ತು ಒಯ್ದು ಕೊಡಾಂವ ಯಾರಿದ್ದ?"

ನಾನೇ ಇದ್ದೆ. ಅದು ನನ್ನ ಮೊದಲ ಹಮಾಲಿ!

ಅಷ್ಟರಲ್ಲಿ ದೋಲ್ಮಾ, "ಇವತ್ತ ಕಡೀ ದಿನ. ಮಲ್ಲಮ್ಮಕ್ಕನ ಫಾರ್ಮ್ ನೀವು ಹೋದ ವಾರಾನ ಕೊಟ್ಟೀರಲ್ರೀ, ಪುಣ್ಯಾತ್ಮರು," ಎಂದಳು.

ಅಕ್ಕ ನನ್ನ ಕಡೆ ನೋಡಿದಳು. "ಕೊಟ್ಟೀಯಲ್ಲೋ?"

ಈಗಲಾದರೂ ಬಾಯಿ ಬಿಡಬೇಕಿತ್ತು. ನಾನು ಬಿಟ್ಟೆ. ಹೊರಗೆ ಬಂದದ್ದು, "ಹ್ಞೂ."

ದೀದಿಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಕಣ್ಣು ಮುಚ್ಚಿ ದೇವರಿಗೆ ವಂದನೆ ಹೇಳತೊಡಗಿದಳು. ಎಲ್ಲ ಹೆಂಗಸರೂ ತಲೆ ತಗ್ಗಿಸಿದರು. ನಡುವೆ ನಡುವೆ "ಶರಣಪ್ಪಾ ಭೈಯಾ" ಎಂಬ ನನ್ನ ಹೆಸರು ಕೇಳಿಸುತ್ತಿತ್ತು. ಹುಟ್ಟಿದಾರಭ್ಯ ನನ್ನ ಪರವಾಗಿ ಯಾರೂ ದೇವರ ಹತ್ತಿರ ಇಷ್ಟು ಹೊತ್ತು ಮಾತನಾಡಿರಲಿಲ್ಲ. ಜೇಬಿನಲ್ಲಿ ಫಾರ್ಮು ಸರಬರ ಎನ್ನುತ್ತಿತ್ತು. ನಾನು ಅದರ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ. ಭಕ್ತಿಯಿಂದ ಎದೆ ಮುಟ್ಟಿಕೊಂಡಿದ್ದೇನೆಂದು ಪಕ್ಕದ ಮುದುಕಿಯೊಬ್ಬಳು ತಾನೂ ಹಾಗೆಯೇ ಮಾಡಿದಳು!

ಪ್ರಾರ್ಥನೆ ಮುಗಿದದ್ದೇ ತಡ, ಓಡಿದೆ. ಕಳವಾದಿಂದ ಠಾಣೆ, ಠಾಣೆಯಿಂದ ಪನವೇಲ್ ಗಾಡಿ. ಬಾಗಿಲಲ್ಲೇ ನಿಂತು, ಇನ್ನೂ ವೇಳೆಯಿದೆ, ಇನ್ನೂ ವೇಳೆಯಿದೆ ಎಂದು ಹೇಳಿಕೊಳ್ಳುತ್ತಿದ್ದೆ. ಗಾಡಿ ತುರ್ಭೆಯಲ್ಲಿ ನಿಂತಿತು. ಇಪ್ಪತ್ತು ವರ್ಷಗಳ ಅಭ್ಯಾಸ. ನನ್ನ ಕಾಲುಗಳು ನನ್ನನ್ನು ಕೇಳದೆ ಇಳಿದುಬಿಟ್ಟವು. ತಲೆಗೆ ಗೊತ್ತಾಗುವಷ್ಟರಲ್ಲಿ ಗಾಡಿ ಹೊರಟಿತ್ತು!

ಮುಂದಿನ ಗಾಡಿಯಲ್ಲಿ ಬೇಲಾಪುರ ಮುಟ್ಟಿದಾಗ ಗುಮಾಸ್ತ ಕಿಟಕಿ ಎಳೆದುಕೊಳ್ಳುತ್ತಿದ್ದ. "ವೇಳ್ ಸಂಪಲೀ, ಬಾಬಾ," ಎಂದ. ವೇಳೆ ಮುಗಿಯಿತು. ಕೈ ಮುಗಿದೆ, ಕಾಲು ಹಿಡಿಯಲು ನಡುವೆ ಗೋಡೆಯಿತ್ತು. ಕೊನೆಗೆ, ಹೋಗುವ ಮುಂಚೆ ಇದೊಂದು ಹೇಳಿ ಎಂದು ಆ ಖಾಲಿ ಮನೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಚಷ್ಮಾ ಏರಿಸಿ ನೋಡಿದ.

"ಹೇ? ಹೇ ಕೋಣ್ ಬಘ್ತೋ?"

ಅದನ್ನು ಯಾರು ನೋಡುತ್ತಾರೆ! ತುಂಬಿದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಲೋಕದಲ್ಲಿ ಆ ಮನೆಯನ್ನು ನೋಡಿದವರು ಇಬ್ಬರೇ. ಒಬ್ಬ ಬಸಣ್ಣ, ಇನ್ನೊಬ್ಬ ನಾನು.

ಆ ದಿನ ಮನೆಯಲ್ಲಿ ಹೇಳಲಿಲ್ಲ. ಶನಿವಾರ ಹೇಳಲಿಲ್ಲ. ಭಾನುವಾರ ಅಕ್ಕ ಇಬ್ಬರು ಮಾಲಕಿನರಿಗೆ ಕೆಲಸ ಬಿಡುತ್ತೇನೆಂದು ಹೇಳಿ ಬಂದಳು. ಆಗಲೂ ಹೇಳಲಿಲ್ಲ. ಮಂಗಳವಾರ ತರಬೇತಿಗೆ ಆಯ್ಕೆಯಾದವರ ಪಟ್ಟಿ ಬಂತು. ಸೆಂಟರಿನ ನಾಲ್ವರ ಹೆಸರಿತ್ತು, ಎಲ್ಲರಿಗಿಂತ ಚೆನ್ನಾಗಿ ಹೆಣೆಯುವ ಅಕ್ಕನ ಹೆಸರಿರಲಿಲ್ಲ. ಹೆಂಗಸರು ಸಿಡಿದೆದ್ದರು. ಆಫೀಸಿನವರು ಫಾರ್ಮು ಕಳೆದಿದ್ದಾರೆ, ಯಾರೋ ವಶೀಲಿ ಮಾಡಿದ್ದಾರೆ, ಬಿಡಬಾರದು! ಬುಧವಾರ ಹದಿನಾಲ್ಕು ಹೆಂಗಸರು, ಉಣ್ಣೆಯ ಚೀಲದ ಸಮೇತ ದೋಲ್ಮಾ, ದೀದಿ, ಎಲ್ಲರೂ ಬೇಲಾಪುರಕ್ಕೆ ಹೊರಟರು. ಮುಖ್ಯ ಸಾಕ್ಷಿ ಎಂದು ನನ್ನನ್ನೂ ಮುಂದೆ ನಡೆಸಿಕೊಂಡು ಹೋದರು.

ಕಿಟಕಿಯ ಮುಂದೆ ಅಕ್ಕ ಸೆರಗು ಬಿಗಿದು ನಿಂತಳು. ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡದವಳು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಗುಮಾಸ್ತನನ್ನು ತರಾಟೆಗೆ ತೆಗೆದುಕೊಂಡಳು. "ನನ್ನ ತಮ್ಮ ಸ್ವತಃ ದಿಲಾ ಆಹೇ, ಕೈಯಾರೆ ಕೊಟ್ಟಾನ! ಅಂವ ಸುಳ್ಳು ಹೇಳಾಂವ ಅಲ್ಲ!"

ಗುಮಾಸ್ತ ಪಾಪ, ರಿಜಿಸ್ಟರಿನ ಒಂದೊಂದೇ ಹಾಳೆ ತಿರುವಿ ಹುಡುಕುತ್ತಿದ್ದ. ಹುಡುಕುತ್ತ ತಲೆ ಎತ್ತಿದ. ನನ್ನನ್ನು ನೋಡಿದ. ಮತ್ತೆ ನೋಡಿದ. ಅವನು ಬಾಯಿ ತೆರೆಯುವುದರೊಳಗೆ ನಾನು ಜೇಬಿನಿಂದ ಆ ಕಾಗದ ತೆಗೆದು ಕಟ್ಟೆಯ ಮೇಲಿಟ್ಟೆ. ಹದಿನಾರು ದಿನದ ಬೆವರಿಗೆ ಅಕ್ಕನ ಹೆಸರು ಕರಗಿ ನೀಲಿ ಕಲೆಯಾಗಿತ್ತು.

ಅಕ್ಕ ಕಾಗದವನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಏನೋ ಗೊಣಗಿದೆ. ಮಾರುಕಟ್ಟೆಯ ಆ ತುದಿಯವರೆಗೆ ಕೇಳುವ ನನ್ನ ಗಂಟಲಿನಿಂದ ಇಲಿಯ ಮರಿಯ ಸದ್ದು ಬಂತು.

"ಕೇಳ್ಸಲಿಲ್ಲ," ಎಂದಳು ಅಕ್ಕ. "ಇಷ್ಟು ಮಂದಿ ಮುಂದ ಈ ಸಾಹೇಬರಿಗೆ ನಾ ಕಳ್ಳ ಅಂದೀನಿ. ಎಲ್ಲಾರಿಗೂ ಕೇಳೂ ಹಂಗ ಹೇಳು."

ನಾನು ಉಸಿರೆಳೆದುಕೊಂಡೆ.

"ಸಾಹೇಬರದು ತಪ್ಪಿಲ್ಲ. ದೀದೀದೂ ಇಲ್ಲ. ಫಾರ್ಮ್ ನಾ ಕೊಡಲೇ ಇಲ್ಲ. ಎಲ್ಲಾರ ಮ್ಯಾಲೂ ಸಂಶಯ ಪಟ್ಟೆ, ಅಕ್ಕಾ, ನಿನ್ನ ಮ್ಯಾಲೂ ಪಟ್ಟೆ. ನಿನ್ನ ಕೆಲಸ ಕೆಡಿಸಿದಾಂವ ನಾನೇ. ತಪ್ಪಾಯ್ತು, ಅಕ್ಕಾ."